ಸೀದಿ ತಯ್ಯಿಬರಿಗೆ ಓದಿ ಹೇಳಲು ಹೋದದ್ದು

ಹೀಥ್ರೂನ ಇಮಿಗ್ರೇಶನ್ ಕೌಂಟರಿನಲ್ಲಿದ್ದ ಹುಡುಗಿ ಯಾಕೆ ಬಂದದ್ದೆಂದು ಕೇಳಿದಳು. ಒಬ್ಬ ಹಿರಿಯರಿಗೆ ಒಂದು ಪುಸ್ತಕ ಓದಿ ಹೇಳಲಿಕ್ಕೆ ಎಂದೆ. ಅವರಿಗೆ ಓದಲು ಬರುವುದಿಲ್ಲವೇ ಎಂದಳು. ಆ ಪುಸ್ತಕ ಬರೆದವರೇ ಅವರು ಎಂದೆ. ಅವಳು ನನ್ನ ಮುಖವನ್ನೂ ಪಾಸ್‌ಪೋರ್ಟಿನ ಫೋಟೋವನ್ನೂ ಇನ್ನೊಮ್ಮೆ ನೋಡಿ, ಮುದುಕನಿಗೆ ಅರಳು ಮರುಳು ಎಂದುಕೊಂಡಳೋ ಏನೋ, ಮುದ್ರೆ ಒತ್ತಿ ಬಿಟ್ಟಳು. ಅಷ್ಟು ಸಲೀಸಾಗಿ ಒಳಗೆ ಬಿಟ್ಟರಲ್ಲ, ಮುಂದಿನ ಕೆಲಸವೂ ಹೀಗೆಯೇ ಆದೀತು ಎಂದು ನಾನು ನಂಬಿದೆ.

ಹೊರಗೆ ಲ್ಯಾನ್ಸಿ ಕಾಯುತ್ತಿದ್ದ. ಪಾಣೆಮಂಗಳೂರಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಬಿಟ್ಟು ಬೇರೆಲ್ಲ ಕೇಳುತ್ತಿದ್ದವನು. ಈಗ ತಲೆ ನೆರೆತಿದೆ, ಹೊಟ್ಟೆ ಮುಂದೆ ಬಂದಿದೆ, ವಿಮಾನದ ಸರಕು ಇಳಿಸುವ ವಿಭಾಗದಲ್ಲಿ ಕೆಲಸ. ಹೆಂಡತಿ ವಿಲ್ಮಾ ಆಸ್ಪತ್ರೆಯಲ್ಲಿ ನರ್ಸ್. ಅವರ ಮನೆಮಾತು ಕೊಂಕಣಿ, ನನ್ನದು ಬ್ಯಾರಿ, ನಮ್ಮ ನಡುವೆ ಕನ್ನಡ. ಕೊಲಿಂಡೇಲಿನ ಹೊಸ ಕಟ್ಟಡವೊಂದರ ಆರನೆಯ ಮಹಡಿಯಲ್ಲಿ ಅವರ ಫ್ಲ್ಯಾಟ್. ಮಗಳು ನನ್ನ ಕನ್ನಡದ ಪ್ರಶ್ನೆಗಳಿಗೆಲ್ಲ ಇಂಗ್ಲಿಷಿನಲ್ಲಿ ಚಂದವಾಗಿ ಉತ್ತರ ಕೊಟ್ಟಳು. ವಿಲ್ಮಾ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾಡಿದ್ದಳು. ಊರು ಬಿಟ್ಟು ಬಂದೆನೆಂದು ಹೊಟ್ಟೆಗೆ ಗೊತ್ತೇ ಆಗಲಿಲ್ಲ.

ನಾನು ಲಂಡನ್ನಿಗೆ ಹೋದದ್ದು ಲಂಡನ್ ನೋಡಲಿಕ್ಕಲ್ಲ. ಸೇತುವೆ, ಅರಮನೆ, ಗಡಿಯಾರದ ಗೋಪುರಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೋದದ್ದು ಸೀದಿ ತಯ್ಯಿಬರನ್ನು ಕಾಣಲಿಕ್ಕೆ. ಸೀದಿ ಎಂದರೆ ಮೊರಾಕ್ಕೋದವರು ಹಿರಿಯರಿಗೆ ಕೊಡುವ ಮರ್ಯಾದೆಯ ಮಾತು. ಅವರು ಹುಟ್ಟಿದ್ದು ಅಟ್ಲಾಂಟಿಕ್ ಕಡಲಿನ ದಡದ ಲರಾಶ್ ಎಂಬ ಊರಿನಲ್ಲಿ, ಮೀನಿನ ಬಲೆ ಹೆಣೆಯುವವರ ಮನೆಯಲ್ಲಿ. ಅದೇ ಊರಿನ ಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರಾದರು. ಬೇರೆಯವರು ಸುಲ್ತಾನರ ಚರಿತ್ರೆ ಬರೆಯುತ್ತಿದ್ದಾಗ ಇವರು ರಜೆಯ ದಿನಗಳಲ್ಲಿ ಊರಿನ ಸಣ್ಣ ಸಣ್ಣ ಗೋರಿಗಳ ಬೆನ್ನು ಹತ್ತಿದರು. ಸುಣ್ಣ ಬಳಿದ, ಹೆಸರು ಕೆತ್ತದ ಗೋರಿಗಳು ಅವು. ಒಳಗೆ ಮಲಗಿದವರು ಯಾರು ಎಂದು ಮನೆಮನೆಗೆ ಹೋಗಿ ಕೇಳಿದರು. ಒಬ್ಬ ರೊಟ್ಟಿ ಸುಡುವವನು, ಒಬ್ಬ ನೀರು ಹೊರುವವನು, ಸತ್ತ ಹೆಂಗಸರ ಮೈ ತೊಳೆಯುತ್ತಿದ್ದ ಒಬ್ಬ ಮುದುಕಿ. ಊರು ಇವರನ್ನೆಲ್ಲ ಸಂತರೆಂದು ನಂಬಿಕೊಂಡಿತ್ತು, ಪುಸ್ತಕಗಳಿಗೆ ಮಾತ್ರ ಅವರ ಗುರುತಿರಲಿಲ್ಲ.

ಅವರೊಬ್ಬೊಬ್ಬರ ಕಥೆಯನ್ನು ಸೀದಿ ತಯ್ಯಿಬರು ಬರೆದರು. ಪ್ರತಿ ಕಥೆಯ ಕೊನೆಗೆ ಅದನ್ನು ತನಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು, ಅದಕ್ಕೂ ಮೊದಲು ಯಾರು ಎಂದು ಹೆಸರುಗಳ ಒಂದು ಸಾಲು. ಆ ಸಾಲಿನಲ್ಲಿ ಒಂದು ಕೊಂಡಿ ಸಡಿಲವಾಗಿದೆ ಎನಿಸಿದರೂ ಕಥೆಯನ್ನೇ ಕೈಬಿಟ್ಟರು. ಸ್ವಂತ ತಾಯಿ ಹೇಳಿದ ಕಥೆಯನ್ನೂ ಬಿಟ್ಟರಂತೆ. ಅಜ್ಜ ಅದನ್ನು ಹೇಳುವಾಗ ತನಗೆ ಅರೆ ನಿದ್ದೆ ಎಂದು ಆಕೆ ಒಪ್ಪಿಕೊಂಡಿದ್ದರು, ಅಷ್ಟೇ ಕಾರಣ. ಮುನ್ನುಡಿಯಲ್ಲಿ ಇದನ್ನು ಓದಿದಾಗ ಈ ಮನುಷ್ಯ ಸಾಮಾನ್ಯದವನಲ್ಲ ಎನಿಸಿತು.

ಅವರು ಕವಿಯೂ ಹೌದು. ಹೆಂಡತಿ ತೀರಿಕೊಂಡ ಮೇಲೆ ಲಂಡನ್ನಿನಲ್ಲಿದ್ದ ಮಗಳ ಮನೆಗೆ ಬಂದವರು ಅಲ್ಲಿನ ಕೌನ್ಸಿಲ್ ಫ್ಲ್ಯಾಟಿನ ಲಿಫ್ಟಿನ ಮೇಲೆ ಕೂಡ ಕವಿತೆ ಬರೆದರು. ಪುಣ್ಯ ಮಾಡದೆಯೂ ಮೇಲಕ್ಕೇರುತ್ತಿದ್ದೇನೆ, ಯಾರಾದರೂ ತಡೆಯಿರಿ ಎಂದು ಅದರಲ್ಲಿ ಹೇಳಿಕೊಳ್ಳುತ್ತಾರೆ. ಸೂಫಿಗಳ ದಾರಿಯ ಬಗ್ಗೆ ಬರೆದದ್ದು ಒಂದೇ ಒಂದು ಪುಟ್ಟ ಪುಸ್ತಕ, ಅದು ಕೇಳುವುದರ ಬಗ್ಗೆ. ಹೇಳುವವನಿಗಿಂತ ಕೇಳುವವನ ಹೊಣೆ ದೊಡ್ಡದು, ಕೇಳುವ ಮೊದಲು ಅವನೂ ಕೈಕಾಲು ತೊಳೆದು ಕೂರಬೇಕು ಎಂಬುದು ಅದರ ಸಾರ.

ಶಾರ್ಜಾದಲ್ಲಿದ್ದ ನನ್ನ ಭಾವ ಖರ್ಜೂರದ ಜೊತೆ ಗೋರಿಗಳ ಪುಸ್ತಕವನ್ನು ತಂದುಕೊಟ್ಟದ್ದು ನಾನು ನಿವೃತ್ತನಾದ ವರ್ಷ. ಚಿಕ್ಕಂದಿನಲ್ಲಿ ಮಸೀದಿಯ ದರ್ಸಿನಲ್ಲಿ ಉಸ್ತಾದರ ಮುಂದೆ ಕೂತು ಕಲಿತ ಅರಬಿ ತುಕ್ಕು ಹಿಡಿದಿತ್ತು. ತಿಕ್ಕಿ ತಿಕ್ಕಿ ಅನುವಾದಕ್ಕೆ ಕೂತೆ, ವರ್ಷಗಳೇ ಹೋದವು. ಕೊನೆಗೆ ಮಂಗಳೂರಿನ ಪ್ರಕಾಶಕರೊಬ್ಬರು ಒಪ್ಪಿದರು, ಮೂಲ ಲೇಖಕರ ಅನುಮತಿ ತನ್ನಿ ಎಂದರು. ಸೀದಿ ತಯ್ಯಿಬರ ಮಗಳು ನಜಾತ್ ಅವರಿಗೆ ಮೇಲ್ ಬರೆದೆ. ಉತ್ತರ ಬಂತು: ಅಪ್ಪ ಕಾಗದದ ಮೇಲೆ ಅನುಮತಿ ಕೊಡುವವರಲ್ಲ. ಅವರ ಪದ್ಧತಿಯಲ್ಲಿ ಪುಸ್ತಕವನ್ನು ಬರೆದವನ ಎದುರು ಕೂತು ಬಾಯಿಬಿಟ್ಟು ಓದಬೇಕು, ಅವನು ಕೇಳಿ 'ಕೊಟ್ಟೆ' ಎನ್ನಬೇಕು. ಮೊದಲ ಅಧ್ಯಾಯ ಓದಿದರೆ ಇಡೀ ಪುಸ್ತಕ ಓದಿದ ಹಾಗೆ. ಫೋನಿನಲ್ಲಿ ಆಗುವುದಿಲ್ಲ, ಎದುರೇ ಇರಬೇಕು. ಅವರಿಗೆ ಕನ್ನಡ ಬರುವುದಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ, ಹೆಸರುಗಳು ಬರುತ್ತವಲ್ಲ, ಅವನ್ನು ಬಿಡದೆ ಓದುತ್ತೀರೋ ಎಂದು ಅಪ್ಪ ಕೇಳುತ್ತಾರಂತೆ ಎಂದು ಬರೆದರು.

ದರ್ಸಿನಲ್ಲಿ ನಮ್ಮ ಉಸ್ತಾದರೂ ಹೀಗೆಯೇ ಇದ್ದರು. ಕಣ್ಣು ಮುಚ್ಚಿ ಕೂತಿರುತ್ತಿದ್ದರು, ನಾವು ಒಂದಕ್ಷರ ನುಂಗಿದರೂ ಬೆತ್ತ ಎದ್ದಿರುತ್ತಿತ್ತು. ಹಾಗಾಗಿ ಇದು ನನಗೆ ವಿಚಿತ್ರ ಎನಿಸಲಿಲ್ಲ, ಬದಲಿಗೆ ತವರಿಗೆ ಕರೆದ ಹಾಗಾಯಿತು. ಅವರು ತೊಂಬತ್ತು ದಾಟಿದವರು, ಹೋಗುವುದಾದರೆ ಬೇಗ ಹೋಗಬೇಕು ಎಂದು ವೀಸಾ ಮಾಡಿಸಿ ಹೊರಟೆ.

ಬಂದ ಮಾರನೆಯ ದಿನವೇ ಅವರ ಮನೆಗೆ ಹೋದೆ. ಕೊಲಿಂಡೇಲಿನಿಂದ ನಾರ್ದರ್ನ್ ಲೈನಿನ ಟ್ಯೂಬ್ ಹಿಡಿದು ಕಿಂಗ್ಸ್ ಕ್ರಾಸಿನಲ್ಲಿ ಇಳಿದು, ನಕ್ಷೆಯಲ್ಲಿ ಗುಲಾಬಿ ಬಣ್ಣದಲ್ಲಿರುವ ಲೈನಿಗೆ ಬದಲಾಯಿಸಿ ವೆಸ್ಟ್‌ಬೋರ್ನ್ ಪಾರ್ಕಿಗೆ ಬರಬೇಕು. ಕಾರ್ಡ್ ತಾಗಿಸಿದರೆ ಗೇಟು ತೆರೆಯುತ್ತದೆ. ನಾನು ಮೊದಲು ತಾಗಿಸಿದ್ದು ಲ್ಯಾನ್ಸಿ ಕೊಟ್ಟ ಕಾರ್ಡನ್ನಲ್ಲ, ನನ್ನ ಮತದಾರರ ಗುರುತಿನ ಚೀಟಿಯನ್ನು. ಹಿಂದಿದ್ದವರು ತಾಳ್ಮೆಯಿಂದ ಕಾದರು. ನಿಲ್ದಾಣದಿಂದ ಗೋಲ್ಬೋರ್ನ್ ರಸ್ತೆ ನಡೆಯುವಷ್ಟು ದೂರ. ಅಲ್ಲಿ ಮೊರಾಕ್ಕೋದವರ ಅಂಗಡಿಗಳು, ಆಲಿವ್ ಕಾಯಿಯ ರಾಶಿ, ಫುಟ್‌ಪಾತಿನಲ್ಲೇ ಮೀನು ಹುರಿಯುವ ಗಾಡಿ. ಎಣ್ಣೆಯ ವಾಸನೆಗೆ ನಮ್ಮ ಬಂದರಿನ ಪೇಟೆ ನೆನಪಾಯಿತು.

ಸೀದಿ ತಯ್ಯಿಬರು ಕಿಟಕಿಯ ಪಕ್ಕ ಗೋಡೆಗೊರಗಿ ಕೂತಿದ್ದರು. ಕಂದು ಬಣ್ಣದ ಉಣ್ಣೆಯ ನಿಲುವಂಗಿ, ಮೈ ಎಷ್ಟು ಸಣ್ಣದೆಂದರೆ ಬಟ್ಟೆಯೇ ಹೆಚ್ಚು ಕಾಣುತ್ತಿತ್ತು. ಕಣ್ಣು ಮಂಜಾಗಿತ್ತು. ನಾನು ಅರಬಿಯಲ್ಲಿ ಸಲಾಂ ಹೇಳಿ ಕ್ಷೇಮ ವಿಚಾರಿಸಿದೆ. ಅವರು ನಕ್ಕುಬಿಟ್ಟರು. ನೀನು ಮಾತಾಡುತ್ತೀಯೋ ಪುಸ್ತಕ ಓದುತ್ತೀಯೋ, ಇಂಥ ಅರಬಿ ಕೇಳಿ ಬಹಳ ಕಾಲವಾಯಿತು ಎಂದರು. ನನ್ನದು ಕಿತಾಬಿನ ಅರಬಿ, ಅವರದು ಬೀದಿಯ ಅರಬಿ. ಅರ್ಥವಾಗದ ಕಡೆ ನಜಾತ್ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಪುದೀನ ಹಾಕಿದ ಚಹಾ ಬಂತು, ನಮ್ಮ ಮದುವೆ ಮನೆಯ ಪಾನಕಕ್ಕಿಂತ ಸಿಹಿ. ನಿನ್ನ ಊರಿಗೆ ನದಿ ಉಂಟೋ, ಮೀನು ಯಾವುದು, ಸತ್ತವರನ್ನು ಯಾರು ತೊಳೆಯುತ್ತಾರೆ ಎಂದು ಅವರು ಒಂದರ ಹಿಂದೊಂದು ಕೇಳಿದರು. ನಾನು ನೇತ್ರಾವತಿಯ ಬಗ್ಗೆ ಹೇಳಿದೆ.

ಚಹಾದ ಲೋಟ ಕೆಳಗಿಟ್ಟವರೇ ಕೈಯನ್ನು ಎದೆಯ ಮೇಲಿಟ್ಟುಕೊಂಡು "ಸರಿ, ಓದು" ಎಂದರು.

ಅನುವಾದದ ಹಾಳೆಗಳು ನನ್ನ ತೊಡೆಯ ಮೇಲಿನ ಚೀಲದಲ್ಲೇ ಇದ್ದವು. ಚೀಲದ ಜಿಪ್ಪಿನ ಮೇಲೆ ಕೈ ಇತ್ತು. ಆದರೆ ಹಿಂದಿನ ಸಂಜೆಯಷ್ಟೇ ಹರ್ಷ ಎಂಬವರು ಫೋನ್ ಮಾಡಿದ್ದರು. ಬೆಂಗಳೂರಿನವರು, ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಈಗ ಅಲ್ಲಿಯವರೇ ಆಗಿದ್ದಾರೆ, ಅಲ್ಲಿನ ಕನ್ನಡ ಕೂಟವೊಂದರ ಕಾರ್ಯದರ್ಶಿ. ಲ್ಯಾನ್ಸಿಯಿಂದ ವಿಷಯ ತಿಳಿದು ಭಾನುವಾರ ಕಿಂಗ್ಸ್‌ಬರಿಯಲ್ಲಿ ಸಭೆ ಇಟ್ಟುಕೊಂಡಿದ್ದರು. ಸೀದಿ ತಯ್ಯಿಬರನ್ನು ಕರೆತಂದು ಅಲ್ಲಿಯೇ ನಾನು ಓದುವುದು, ಕನ್ನಡಿಗರೂ ಕೇಳುವುದು. ನನಗೆ ಇದು ಬಹಳ ಹಿಡಿಸಿತ್ತು. ಇಷ್ಟು ವರ್ಷ ಒಂಟಿಯಾಗಿ ಮಾಡಿದ ಕೆಲಸ, ಮೊದಲ ಸಲ ಓದುವಾಗ ನಾಲ್ಕು ಜನರ ಎದುರು ಓದೋಣ ಎಂಬ ಆಸೆ. ಹಾಗೆಂದು ಅವರಲ್ಲಿ ಹೇಳಿದೆ.

ಅವರಿಗೂ ಖುಷಿಯಾಯಿತು. ಓದಿಗೆ ಸಾಕ್ಷಿಗಳು ಹೆಚ್ಚಿದ್ದಷ್ಟೂ ಒಳ್ಳೆಯದು, ನನ್ನ ಗುರುಗಳ ಮುಂದೆ ನಾನು ಓದಿದಾಗ ಅಂಗಳ ತುಂಬಿತ್ತು ಎಂದರು. ನಜಾತ್ ಮಾತ್ರ ಸ್ವಲ್ಪ ಅನುಮಾನಿಸಿದರು. ಅಪ್ಪ ಹೊರಗೆ ಹೋಗದೆ ತುಂಬ ದಿನವಾಯಿತು, ಬೆಳಗಿನ ಒಂದು ಹೊತ್ತು ಮಾತ್ರ ಅವರಿಗೆ ಚುರುಕು, ಮಧ್ಯಾಹ್ನ ಹತ್ತಿರವಾದರೆ ಕೂತಲ್ಲೇ ನಿದ್ದೆ. ಬೆಳಿಗ್ಗೆಯೇ ಸುರುಮಾಡಿ ಬೇಗ ಮುಗಿಸುತ್ತೇವೆ ಎಂದು ನಾನು ಮಾತು ಕೊಟ್ಟೆ. ಚೀಲ ತೆರೆಯದೆ ಎದ್ದು ಬಂದೆ.

ಶನಿವಾರ ಲ್ಯಾನ್ಸಿ ನನ್ನನ್ನು ಟೂಟಿಂಗಿಗೆ ಕರೆದುಕೊಂಡು ಹೋದ. ಅದು ಊರಿನ ಇನ್ನೊಂದು ತುದಿ, ಅದೇ ನಾರ್ದರ್ನ್ ಲೈನಿನಲ್ಲಿ ಕೂತು ಕೂತು ಸೊಂಟ ಹಿಡಿಯಿತು. ಮಸಾಲೆ ದೋಸೆ ತಿಂದೆವು. ಪರವಾಗಿಲ್ಲ, ಆದರೆ ಚಟ್ನಿಗೆ ತೆಂಗಿನಕಾಯಿ ತೋರಿಸಿ ತೆಗೆದಿದ್ದರು. ಅಲ್ಲಿದ್ದಾಗಲೇ ಹರ್ಷ ಫೋನ್ ಮಾಡಿ ಒಳ್ಳೆಯ ಶಾಲು ಸಿಕ್ಕಿದರೆ ಎರಡು ತನ್ನಿ ಎಂದರು. ಕಾರ್ಯಕ್ರಮ ಬೇಗ ಮುಗಿಯಬೇಕು, ಅವರಿಗೆ ಬೆಳಗಿನ ಹೊತ್ತು ಮಾತ್ರ ಆಗುತ್ತದೆ, ಓದುವುದನ್ನೇ ಮೊದಲು ಇಡಿ ಎಂದು ನಾನು ಎರಡೆರಡು ಸಲ ಹೇಳಿದೆ.

"ಅಯ್ಯೋ, ಓದೋದೇ ಹೈಲೈಟ್ ಸರ್, ಅದನ್ನ ಮೊದ್ಲೇ ಮುಗಿಸಿಬಿಟ್ರೆ ಜನ ಎದ್ದು ಹೋಗ್ತಾರೆ" ಎಂದರು ಹರ್ಷ. "ಅಷ್ಟು ದೊಡ್ಡೋರನ್ನ ಕರೆಸಿ ಹಾಗೇ ಓದಿಸಿ ಕಳಿಸಿದ್ರೆ ಚೆನ್ನಾಗಿರಲ್ಲ. ಒಂದು ಹತ್ತು ನಿಮಿಷ ಫಾರ್ಮ್ಯಾಲಿಟಿ, ಆಮೇಲೆ ಪೂರ್ತಿ ನಿಮ್ದೇ ಟೈಮ್."

ನಮ್ಮ ಕಡೆಯ ಸಭೆಗಳಲ್ಲಿ ಕೂತು ಬೆಂಚು ಸವೆಸಿದ ನನಗೆ ಆ ಹತ್ತು ನಿಮಿಷ ಎಷ್ಟು ಉದ್ದ ಎಂದು ಗೊತ್ತಿರಬೇಕಿತ್ತು. ನಾನು ಗೋಣು ಅಲ್ಲಾಡಿಸಿದೆ. ಶಾಲುಗಳಲ್ಲಿ ಒಂದು ನನಗೆ ಎಂಬುದೂ ಗೊತ್ತಾಗಿತ್ತಲ್ಲ.

ಭಾನುವಾರ ಬಿಸಿಲು ಬಂದಿತ್ತು, ಗಾಳಿ ಮಾತ್ರ ಕೊರೆಯುತ್ತಿತ್ತು. ಲ್ಯಾನ್ಸಿಯ ಕಾರಿನಲ್ಲಿ ಸೀದಿ ತಯ್ಯಿಬರನ್ನೂ ನಜಾತರನ್ನೂ ಕರೆದುಕೊಂಡು ಹೇಳಿದ ಹೊತ್ತಿಗೆ ಕಿಂಗ್ಸ್‌ಬರಿ ತಲುಪಿದೆವು. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ. ಅವರು ಬಿಳಿಯ ನಿಲುವಂಗಿ ಹಾಕಿದ್ದರು, ಹೊರಡುವ ಮೊದಲು ನಮಾಜಿಗೆ ತೊಳೆಯುವ ಹಾಗೆ ಕೈಕಾಲು ಮುಖ ತೊಳೆದು ವುಜೂ ಮಾಡಿಕೊಂಡಿದ್ದಾರೆ ಎಂದು ನಜಾತ್ ಹೇಳಿದರು. ಸಭಾಂಗಣದಲ್ಲಿ ಕುರ್ಚಿ ಜೋಡಿಸುವ ಮೂವರು ಬಿಟ್ಟರೆ ಯಾರೂ ಇಲ್ಲ. ಪಾರ್ಕಿಂಗ್ ಸಿಗಲಿಲ್ಲ, ಮಕ್ಕಳ ಈಜಿನ ಕ್ಲಾಸಿತ್ತು ಎನ್ನುತ್ತ ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಪ್ರೀತಿಯಿಂದ ಮಾತಾಡಿಸಿದವರೇ, ಯಾರನ್ನು ದೂರಲಿ? ಸಭೆ ಸುರುವಾಗುವಾಗ ಹೊತ್ತು ಏರಿತ್ತು.

ಪ್ರಾರ್ಥನೆ ಆಯಿತು, ಮಕ್ಕಳ ನಾಡಗೀತೆ ಆಯಿತು. ಬೆಂಕಿ ಹಚ್ಚಿದರೆ ಅಲಾರಂ ಹೊಡೆಯುತ್ತದೆಂದು ಬ್ಯಾಟರಿಯ ದೀಪವನ್ನು ಐದು ಜನ ಸೇರಿ ಬೆಳಗಿದರು. ಹರ್ಷ ಸ್ವಾಗತ ಮಾಡಿದರು. ಆಮೇಲೆ ಕೂಟದ ಅಧ್ಯಕ್ಷರು ಎದ್ದರು. ದಪ್ಪ ಧ್ವನಿ, ಮೈಕು ಬೇಡವಾದ ಗಂಟಲು. ನಾನು ಕಳಿಸಿದ್ದ ಟಿಪ್ಪಣಿ ನೋಡಿಕೊಂಡು ಸೀದಿ ತಯ್ಯಿಬರ ಜೀವನ, ಕೃತಿಗಳನ್ನು ಪರಿಚಯಿಸಿದರು. ಲರಾಶ್ ಬಂದರು, ರೊಟ್ಟಿ ಸುಡುವ ಸಂತನ ಹೆಸರು, ನೀರು ಹೊರುವವನ ಹೆಸರು ಎಲ್ಲ ಬಂತು. ಅಲ್ಲಿಂದ ಕೂಟದ ಇತಿಹಾಸಕ್ಕೆ ಹೋದರು. ಸ್ಥಾಪಕರು, ಹಿಂದಿನ ಅಧ್ಯಕ್ಷರು, ಈಗಿನ ಪದಾಧಿಕಾರಿಗಳು, ಊಟದ ಪ್ರಾಯೋಜಕರು, ಕುರ್ಚಿ ಕೊಟ್ಟವರು, ಹೆಸರು ಹೆಸರು ಹೆಸರು. ಒಂದು ಹೆಸರು ಬಿಟ್ಟುಹೋದರೂ ನಮ್ಮವರಲ್ಲಿ ಸಿಟ್ಟಾಗುತ್ತಾರೆ ನೋಡಿ, ಅವರು ಯಾರನ್ನೂ ಬಿಡಲಿಲ್ಲ.

ಸೀದಿ ತಯ್ಯಿಬರು ಕೈಯನ್ನು ಎದೆಯ ಮೇಲಿಟ್ಟುಕೊಂಡು ಮೈಯೆಲ್ಲ ಕಿವಿಯಾಗಿ ಕೂತಿದ್ದರು. ಒಂದೊಂದು ಹೆಸರಿಗೂ ತಲೆ ತೂಗುತ್ತಿದ್ದರು. ಎಂಥ ಸೌಜನ್ಯ ಎಂದು ನಾನು ಬೆರಗಾದೆ. ಆಮೇಲೆ ಸನ್ಮಾನ. ಅವರನ್ನು ಎಬ್ಬಿಸಿ ನಿಲ್ಲಿಸಿ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. ಪೇಟ ಅವರ ಕಣ್ಣಿನವರೆಗೆ ಇಳಿಯಿತು. ಫೋಟೋಕ್ಕೆ ಒಂದು ಗುಂಪು ಇಳಿದರೆ ಇನ್ನೊಂದು ಗುಂಪು ಹತ್ತಿತು. ಬಳಿಕ ನನಗೂ ಆಯಿತು. ಹೊಗಳಿಕೆಯ ಮಾತು ಕೇಳಿ ನಾನು ಉಬ್ಬಿಹೋಗಿದ್ದೆ, ಗಡಿಯಾರದ ಕಡೆ ನೋಡಲೇ ಇಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಕೊನೆಗೆ ನನ್ನ ಸರದಿ ಬಂತು. ಹಾಳೆ ಹಿಡಿದು ಎದ್ದು ನಿಂತು ಅವರ ಕಡೆ ತಿರುಗಿದೆ. ಪೇಟದ ಕೆಳಗೆ ಅವರು ನಿದ್ದೆ ಹೋಗಿದ್ದರು. ಗಲ್ಲ ಹಾರದ ಮೇಲೆ ಇಳಿದಿತ್ತು. ನಜಾತ್ ದೂರದಿಂದಲೇ ಎಬ್ಬಿಸಬೇಡಿ ಎಂದು ಕೈಯಾಡಿಸಿದರು. ಹರ್ಷ ಹತ್ತಿರ ಬಂದು, ಹಾಲ್ ಬಿಡುವ ಸಮಯ ಆಗುತ್ತಿದೆ, ಒಂದೆರಡು ಪ್ಯಾರಾ ಓದಿ ಸಾಕು ಎಂದು ಪಿಸುಗುಟ್ಟಿದರು. ಬಿಸಿಬೇಳೆಬಾತಿನ ಪರಿಮಳ ಬಂದು ಜನ ಆಗಲೇ ಹಿಂದೆ ತಿರುಗಿ ನೋಡುತ್ತಿದ್ದರು. ಎಲ್ಲರಿಗೂ ವಂದನೆ ಹೇಳಿ, ಹಾಳೆ ಮಡಚಿ ಕೂತೆ.

ಅವರನ್ನು ಕಾರಿನಲ್ಲಿ ಕೂರಿಸಿ ಬೆಲ್ಟ್ ಹಾಕುವಾಗ ಎಚ್ಚರವಾಯಿತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಓದಿಸಿದ್ದು ಚೆನ್ನಾಗಿತ್ತು. ಆ ಗಂಭೀರ ಧ್ವನಿಯವನಿಂದ ಓದಿಸಿದ್ದು ಒಳ್ಳೆಯದಾಯಿತು, ನಿನ್ನ ಧ್ವನಿ ಸಣ್ಣದು. ನಿನ್ನ ಪರವಾಗಿ ಅವನು ಓದಿದರೂ ನೀನೇ ಓದಿದ ಹಾಗೆ. ನನ್ನ ಊರಿನ ಹೆಸರು ಕೇಳಿದೆ, ರೊಟ್ಟಿಯವನ ಹೆಸರು ಕೇಳಿದೆ. ಹೆಸರುಗಳ ಸಾಲನ್ನು ನೀನು ಎಲ್ಲಿಯೂ ತುಂಡು ಮಾಡಿಲ್ಲ" ಎಂದರು. ಆಮೇಲೆ ಒಂದೇ ಮಾತು: "ಕೊಟ್ಟೆ."

ಅವರು ಕೇಳಿದ್ದು ಅಧ್ಯಕ್ಷರ ಭಾಷಣ. ಕೂಟದ ಪದಾಧಿಕಾರಿಗಳ ಪಟ್ಟಿಯನ್ನು, ಊಟದ ಪ್ರಾಯೋಜಕರ ಹೆಸರುಗಳನ್ನು ತನ್ನ ಸಂತರ ಕಥೆ ಹೇಳಿದವರ ಸಾಲು ಎಂದುಕೊಂಡು ವುಜೂ ಮಾಡಿ ಕೂತು ಕೇಳಿದ್ದಾರೆ. ನಜಾತರಿಗೂ ಕನ್ನಡ ಬಾರದು, ಅವರೂ ಹಾಗೆಯೇ ತಿಳಿದು ನಗುತ್ತಿದ್ದರು. ಜನರ ಎದುರು ಬೇಡ, ನಾಳೆ ಬೆಳಿಗ್ಗೆ ಮನೆಗೆ ಹೋಗಿ ನಿಜ ಹೇಳಿ ಸರಿಯಾಗಿ ಓದಿ ಬರುವ ಎಂದುಕೊಂಡೆ. ಕಾರು ಹೊರಟಿತು.

ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ನಜಾತರ ಫೋನ್ ಬಂತು. ಅಪ್ಪನಿಗೆ ಜ್ವರ, ರಾತ್ರಿಯಿಡೀ ಕೆಮ್ಮು, ಇವತ್ತು ಬರಬೇಡಿ ಎಂದರು. ಮಂಗಳವಾರ ಆಸ್ಪತ್ರೆಗೆ ಸೇರಿಸಿದರು. ನಾನು ಹಿಂದಿರುಗುವ ದಿನ ಹತ್ತಿರ ಬಂತು. ಲ್ಯಾನ್ಸಿ ನನ್ನ ಮುಖ ನೋಡಿ, "ಮಾಷ್ಟ್ರೆ, ನೀವು ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ. ಟಿಕೆಟ್ ಮುಂದೆ ಹಾಕುವ, ಅದೆಂತ ದೊಡ್ಡ ವಿಷಯವಾ?" ಎಂದು ತಾನೇ ತಾರೀಖು ಬದಲಾಯಿಸಿದ. ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆಲ್ಲ ಸೇಡು ತೀರಿಸಿಕೊಳ್ಳದೆ ಹೀಗೆ ನೋಡಿಕೊಂಡನಲ್ಲ ಎಂದು ನನಗೆ ಸಂಕಟವೂ ಆಯಿತು.

ಆ ವಾರ ಕೊಲಿಂಡೇಲಿನಲ್ಲಿ ಒಂದೇ ಸಮನೆ ಮಳೆ. ಹೊಸ ಕಟ್ಟಡಗಳ ನಡುವೆ ಅಡ್ಡಾಡಿ ಬರುತ್ತಿದ್ದೆ. ಕೈ ಹಿಡಿದು ನಡೆಯುವ ಗಂಡ ಹೆಂಡತಿಯರು, ಸೈಕಲ್ಲಿನಲ್ಲಿ ಊಟ ತಂದುಕೊಡುವವರು, ಇಡೀ ದಿನ ಲಿಫ್ಟಿನ ಬಾಗಿಲು ತೆರೆದು ಮುಚ್ಚುವ ಸದ್ದು. ದಿನಾ ಬೆಳಿಗ್ಗೆ ನಜಾತರ ಫೋನಿಗೆ ಕಾಯುವುದು, ಇವತ್ತು ಬೇಡ ಎಂದು ಅವರು ಹೇಳುವುದು.

ಒಂದು ಸಂಜೆ ವಿಲ್ಮಾ ಯೂನಿಫಾರ್ಮ್ ಇಸ್ತ್ರಿ ಮಾಡುತ್ತ, ಅವರಿಗೆ ಓದಲಿಕ್ಕೆ ಆಗದಿದ್ದರೆ ನನಗಾದರೂ ಓದಿ ಸರ್ ಎಂದಳು. ಮೊದಲ ಅಧ್ಯಾಯದಲ್ಲೇ ಬರುವ, ಸತ್ತವರ ಮೈ ತೊಳೆಯುವ ಮುದುಕಿಯ ಕಥೆ ಓದಿದೆ. ಆ ಮುದುಕಿ ನೀರು ಹಾಕುವ ಮೊದಲು ಸತ್ತವಳ ಹೆಸರು ಹಿಡಿದು ಕರೆದು, ನೀರು ಸ್ವಲ್ಪ ತಣ್ಣಗಿದೆ ಕ್ಷಮಿಸು ಎನ್ನುತ್ತಿದ್ದಳಂತೆ. ಅಲ್ಲಿಗೆ ಬರುವಾಗ ಇಸ್ತ್ರಿಯ ಸದ್ದು ನಿಂತಿತ್ತು. ತಲೆಯೆತ್ತಿ ನೋಡಿದೆ. ವಿಲ್ಮಾ ಅಳುತ್ತಿದ್ದಳು.

"ನಾವೂ ಹೀಗೇ ಸರ್" ಎಂದಳು. "ವಾರ್ಡಿನಲ್ಲಿ ಯಾರಾದ್ರೂ ಹೋದ್ರೆ ನಾವೇ ಅಲ್ವಾ ತೊಳೆಯುವುದು. ಹೆಸರು ಹೇಳಿ ಮಾತಾಡಿಸ್ತೇವೆ. ಈಗ ನಿಮ್ಮನ್ನು ಈ ಬದಿಗೆ ತಿರುಗಿಸ್ತೇನೆ ಅಂತ ಹೇಳ್ತೇವೆ. ಇದೆಲ್ಲ ಪುಸ್ತಕದಲ್ಲಿ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ." ಕಥೆಯ ಕೊನೆಯ ಹೆಸರುಗಳನ್ನೂ ಅವಳು ನಿಂತುಕೊಂಡೇ ಕೇಳಿದಳು. ಈ ಪುಸ್ತಕ ಕನ್ನಡಕ್ಕೆ ಬರಬೇಕು ಎಂದು ನನಗೆ ಅಷ್ಟು ಗಟ್ಟಿಯಾಗಿ ಅದಕ್ಕೆ ಮೊದಲು ಅನಿಸಿದ್ದಿಲ್ಲ.

ನಾನು ಹೊರಡುವ ಹಿಂದಿನ ದಿನ ನಜಾತ್ ಬನ್ನಿ ಎಂದರು. ಆಸ್ಪತ್ರೆಯ ಬಾಗಿಲಲ್ಲೇ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕರು, ಕುರ್ಚಿ ಕೊಟ್ಟವರ ಹೆಸರೂ ಇತ್ತೇ ಎಂದು ಕೇಳಿದರು. ಆಮೇಲೆ ಅವರ ಮುಖ ಸಪ್ಪಗಾಯಿತು. ಸಿಟ್ಟಾಗಿ ನನಗೆ ಬೈದಿದ್ದರೂ ಚೆನ್ನಾಗಿತ್ತು. ಈಗ ಓದಿದರೆ ಕೇಳುವಷ್ಟು ಉಸಿರು ಅಪ್ಪನಿಗಿಲ್ಲ, ಐದು ನಿಮಿಷಕ್ಕಿಂತ ಹೆಚ್ಚು ಒಳಗೆ ಬಿಡುವುದೂ ಇಲ್ಲ ಎಂದರು. ಹಾಗಾದರೆ ನಿಜ ಹೇಳಲೇ ಎಂದೆ. "ಆ ದಿನದ ಬಗ್ಗೆ ನರ್ಸುಗಳಿಗೆಲ್ಲ ಹೇಳಿಕೊಂಡಿದ್ದಾರೆ. ಓದುವವರು ನೀವು, ನೀವೇ ನಿರ್ಧಾರ ಮಾಡಿ" ಎಂದರು.

ಹೇಳಲೇಬೇಕು ಎಂದುಕೊಂಡೇ ಒಳಗೆ ಹೋದೆ. ಮೂಗಿಗೆ ಆಮ್ಲಜನಕದ ನಳಿಗೆ ಇತ್ತು. ನನ್ನ ಸಲಾಂ ಕೇಳಿದ್ದೇ ಅವರ ಮುಖ ಅರಳಿತು, ಕಿತಾಬಿನ ಅರಬಿ ಬಂತು ಎಂದರು. ಸೀದಿ, ಒಂದು ಮಾತು ಹೇಳಲಿಕ್ಕಿದೆ ಎಂದು ಸುರುಮಾಡಿದೆ. ಅವರು ಕೈಯೆತ್ತಿ ತಡೆದರು. ಮೊದಲು ನನಗೆ ಹೇಳು, ಆ ಹೆಣ ತೊಳೆಯುವ ಮುದುಕಿಯ ಕಥೆ ಕೇಳಿ ನಿನ್ನ ಜನರಲ್ಲಿ ಯಾರಾದರೂ ಅತ್ತರೇ ಎಂದರು. ಅದನ್ನು ಬರೆದ ದಿನ ನಾನು ಅತ್ತಿದ್ದೆ, ಬೇರೆ ಭಾಷೆಗೆ ಹೋದಾಗ ಕಣ್ಣೀರು ಉಳಿಯುತ್ತದೋ ಎಂದು ನೋಡಬೇಕಿತ್ತು, ನನಗೆ ಕಣ್ಣು ಕಾಣುವುದಿಲ್ಲವಲ್ಲ ಎಂದರು.

"ಒಬ್ಬಳು ಅತ್ತಳು ಸೀದಿ" ಎಂದೆ. "ಅವಳೂ ಸತ್ತವರನ್ನು ತೊಳೆಯುವವಳೇ."

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿಲ್ಲ. ಅವರು ಕಣ್ಣು ಮುಚ್ಚಿಕೊಂಡರು, ಕೆನ್ನೆಯ ಮೇಲೆ ನೀರು ಇಳಿಯಿತು. ಹಾಗಾದರೆ ಅದು ಮುಟ್ಟಿದೆ ಎಂದರು. ಇನ್ನು ನಿಜ ಹೇಳಿದರೆ ಆ ಅಳುವನ್ನೂ ಅವರು ನಂಬುತ್ತಿರಲಿಲ್ಲ.

ಅವರು ನನ್ನ ಕೈಗಾಗಿ ಹುಡುಕಿದರು. ಕೊಟ್ಟೆ. ಉಸಿರು ಎಳೆದುಕೊಳ್ಳುತ್ತ, ನಡುನಡುವೆ ನಿಲ್ಲುತ್ತ, ತನ್ನ ಗುರುಗಳ ಸಾಲನ್ನು ಹೇಳತೊಡಗಿದರು. ಯಾರು ಯಾರ ಎದುರು ಕೂತು ಓದಿ ಪಡೆದರು, ಅವರಿಂದ ಯಾರು ಪಡೆದರು ಎಂದು ಹಳೆಯ ಕಾಲದಿಂದ ಒಬ್ಬೊಬ್ಬರಾಗಿ ಇಳಿದು ಬಂದರು. ಅವರ ಗುರುಗಳ ಹೆಸರು ಬಂತು, ಅವರಿಂದ ನಾನು ಎಂದರು. ಆಮೇಲೆ, ನನ್ನಿಂದ ನೇತ್ರಾವತಿ ನದಿಯ ದಡದ ಹಸನಬ್ಬ, ಅವನು ಓದಿದ, ನಾನು ಕೇಳಿದೆ ಎಂದರು. ನನ್ನ ಹೆಸರನ್ನು ಅಷ್ಟು ಚಂದವಾಗಿ ಯಾರೂ ಉಚ್ಚರಿಸಿದ್ದಿಲ್ಲ. ಅಷ್ಟು ಜನರ ಸಾಲಿನಲ್ಲಿ ಓದದೆ ಬಂದು ನಿಂತವನು ನಾನೊಬ್ಬನೇ. ತಲೆ ತಗ್ಗಿಸಿ ಅವರ ಕೈಗೆ ಮುತ್ತಿಟ್ಟು ಹೊರಗೆ ಬಂದೆ.

ಮರುದಿನ ಲ್ಯಾನ್ಸಿ ಹೀಥ್ರೂಗೆ ಬಿಟ್ಟ. ವಿಲ್ಮಾ ದಾರಿಗೆಂದು ಚಪಾತಿ ಸುತ್ತಿ ಕೊಟ್ಟಿದ್ದಳು. ಪುಸ್ತಕ ಬಂದ ಕೂಡಲೇ ಮೊದಲ ಪ್ರತಿ ನನಗೆ ಕಳಿಸಿ ಸರ್, ನಮ್ಮ ವಾರ್ಡಿನವರಿಗೆಲ್ಲ ತೋರಿಸುತ್ತೇನೆ ಎಂದಿದ್ದಳು. ನಾನು ಹೂಂ ಎಂದಿದ್ದೆ.

ವಿಮಾನಕ್ಕೆ ಕಾಯುತ್ತಿದ್ದಾಗ ಮಂಗಳೂರಿನಿಂದ ಪ್ರಕಾಶಕರ ವಾಟ್ಸಾಪ್ ಬಂತು. ಮುಖಪುಟ ಸಿದ್ಧವಾಗಿದೆ, ಹರ್ಷ ಎಂಬವರು ಸಭೆಯ ಫೋಟೋಗಳನ್ನು ಕಳಿಸಿದ್ದಾರೆ, ಲೇಖಕರು ಸಂತೋಷವಾಗಿ ಒಪ್ಪಿದ್ದಾರಂತಲ್ಲ, ಮುದ್ರಣಕ್ಕೆ ಕೊಡಲೇ ಎಂದು ಕೇಳಿದ್ದರು. ಒಂದು ಕೊಂಡಿ ಸಡಿಲವೆಂದು ತಾಯಿಯ ಕಥೆಯನ್ನೇ ಕೈಬಿಟ್ಟ ಮನುಷ್ಯನ ಪುಸ್ತಕ. ಅನುಮತಿ ಸಿಗಲಿಲ್ಲ, ಮುದ್ರಿಸಬೇಡಿ ಎಂದು ಬರೆದು ಕಳಿಸಿದೆ. ಆಮೇಲೆ ವಿಮಾನ ಹತ್ತಲು ಕರೆದರು, ಎಲ್ಲರ ಜೊತೆ ಎದ್ದು ಸಾಲಿನಲ್ಲಿ ನಿಂತೆ.